ಬ್ರಷ್ ಮಾಮನ ಎಂಟು

ರಿಪೇರಿ ಅಂಗಡಿಯ ಹುಡುಗಿ ಅವರನ್ನು ಮೊದಲ ಸಲ ನೋಡಿದ್ದು ಅವರ ಮನೆಯ ಗೇಟಿನಲ್ಲೇ. ಗೇಟಿನ ಕಂಬಕ್ಕೆ ಒತ್ತಿ ಮರದ ಸ್ಟೂಲ್ ಹಾಕಿಕೊಂಡು ಕುಳಿತಿದ್ದರು. ಕಣಕಾಲಿನ ಮೇಲಕ್ಕೆ ಮಡಿಸಿದ ಪ್ಯಾಂಟು, ಅಂಗಿಯ ತೋಳಿನ ಮೇಲೆ ಒಣಗಿದ ಹಳದಿ ಬಣ್ಣದ ಕಲೆ, ಕಿವಿಯ ಸಂದಿಯಲ್ಲಿ ಮೊಂಡು ಪೆನ್ಸಿಲ್. ಬಲಗೈಯನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ಇವರೇಕೆ ಚಳಿ ಹಿಡಿದವರ ಹಾಗೆ ಕುಳಿತಿದ್ದಾರೆ ಎಂದು ಅವಳಿಗೆ ಅನಿಸಿತು.

ಅವರು ಅವಳ ಮುಖ ನೋಡಲಿಲ್ಲ. ಹೆಗಲಿಗೆ ಹಾಕಿದ್ದ ಚೀಲ ನೋಡಿದರು. ಅದರ ಮೇಲೆ ಅಂಗಡಿಯ ಹೆಸರು ಅಚ್ಚಾಗಿತ್ತು.

“ಇದನ್ನ ಬರೆದವನು ಮನೆಗೆ ಹೋಗೋ ಅವಸರದಲ್ಲಿದ್ದ,” ಎಂದರು.

“ಯಾಕೆ ಸರ್?”

“ನೋಡಮ್ಮ, ಶುರುವಲ್ಲಿ ಆರಾಮಾಗಿ ಕಾಲು ಚಾಚಿದಾನೆ. ಕೊನೆಗೆ ಬರೋ ಹೊತ್ತಿಗೆ ಜಾಗ ಸಾಲದೆ ಅಕ್ಷರಗಳೆಲ್ಲ ಬಸ್ಸಲ್ಲಿ ನಿಂತವರ ಹಾಗೆ ಒಂದರ ಮೇಲೊಂದು ಬಿದ್ದಿವೆ.”

ದಿನಾ ಹೊತ್ತು ತಿರುಗುವ ಚೀಲವನ್ನು ಅವಳು ತಿರುಗಿಸಿ ನೋಡಿದಳು. ನಿಜವೇ. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ, ಇನ್ನು ಮೇಲೆ ಬೀಳದೆ ಇರುವುದಿಲ್ಲ. ಅವಳಿಗೆ ನಗು ಬಂತು. ಆಗ ಅವರು ತಲೆಯೆತ್ತಿ, “ಕಂಪ್ಯೂಟರ್ ಡಾಕ್ಟರ್ ನೀನೇನಾ? ಬಾ, ಬಾ. ರೋಗಿ ಒಳಗಿದಾನೆ,” ಎಂದು ಎದ್ದರು. ಗೇಟು ತೆರೆಯಲು ಕಂಕುಳಿನಿಂದ ಬಲಗೈ ಹೊರಗೆ ಬಂತು. ಅದು ನಡುಗುತ್ತಿತ್ತು. ಚಿಲಕ ಹಿಡಿಯುವುದಕ್ಕೆ ಅದು ಒದ್ದಾಡಿತು. ಅವಳು ಚೀಲದ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಬೇರೆ ಕಡೆ ನೋಡಿದಳು.

ಆ ಸುತ್ತಿನ ಬೀದಿಗಳಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವರು ಬ್ರಷ್ ಮಾಮ. ಹಿಟ್ಟಿನ ಗಿರಣಿಯ ಬೋರ್ಡು, ಕ್ಷೌರದಂಗಡಿಯ ಗಾಜು, ಶಾಲೆಯ ಗೋಡೆ, ಲಾರಿಗಳ ಹಣೆ, ಎಲ್ಲ ಅವರ ಕೈಯದೇ. ಕೈ ನಡುಗಲು ಶುರುವಾದಾಗ ಕೆಲಸ ನಿಂತುಹೋಗಬೇಕಿತ್ತು. ನರ್ಸ್ ಕೆಲಸದಲ್ಲಿದ್ದ ಮಗಳು ರಜೆ ಹಾಕಿ ಬಂದು, ಅಪ್ಪ ಬರೆದ ಹಳೆಯ ಬೋರ್ಡುಗಳ ಫೋಟೋ ತೆಗೆದು, ಒಂದೊಂದೇ ಅಕ್ಷರವನ್ನು, ಒಂದೊಂದೇ ಅಂಕಿಯನ್ನು ಕಂಪ್ಯೂಟರಿನಲ್ಲಿ ಗೆರೆ ಎಳೆದು ಕೂರಿಸಿದಳು. ಅಲ್ಲಿಂದ ಮುಂದೆ ಮಾಮ ಎಡಗೈಯ ಒಂದು ಬೆರಳಿನಿಂದ ಟೈಪ್ ಮಾಡಿದರೆ ಪರದೆಯ ಮೇಲೆ ಬರುತ್ತಿದ್ದುದು ಅವರ ಹಳೆಯ ಕೈಬರಹ. ಅದನ್ನು ಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಹಲಗೆಯ ಮೇಲಿಟ್ಟು ಬಣ್ಣದ ಪುಡಿ ಕಟ್ಟಿದ ಬಟ್ಟೆಯ ಗಂಟನ್ನು ತಟ್ಟಿದರೆ ಚುಕ್ಕಿಗಳು ಮೂಡುತ್ತಿದ್ದವು. ಆ ಚುಕ್ಕಿಗಳ ಒಳಗೆ ಬಣ್ಣ ತುಂಬುವುದಷ್ಟೇ ಬಾಕಿ. ಮಣಿಕಟ್ಟಿಗೆ ಆಸರೆಯಾಗಿ ಒಂದು ಕೋಲು ಇಟ್ಟುಕೊಂಡರೆ ಅಷ್ಟು ಕೆಲಸ ಅವರ ಕೈಗೆ ಇನ್ನೂ ದಕ್ಕುತ್ತಿತ್ತು.

ಕಂಪ್ಯೂಟರ್ ಇದ್ದದ್ದು ನಡುಮನೆಯ ಮೂಲೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ. ಹಳೆಯ ಹಲ್ಲಿನ ಹಳದಿ ಬಣ್ಣಕ್ಕೆ ತಿರುಗಿದ ಡಬ್ಬ. ನೆಲ ಒರೆಸುವಾಗ ನೀರು ತಾಗದಿರಲೆಂದು ಅಡಿಯಲ್ಲಿ ಇಟ್ಟಿಗೆಗಳು. ಮೌಸ್ ಓಡಾಡಲು ಒಂದು ಒಡೆದ ಟೈಲ್ಸ್ ಚೂರು. ಕೋಣೆಗೆಲ್ಲ ಟರ್ಪೆಂಟೈನ್ ವಾಸನೆ.

“ಏನು ತೊಂದರೆ ಅಂತ ಹೇಳಿ,” ಎಂದಳು ಹುಡುಗಿ.

ಉತ್ತರ ಬಂದದ್ದು ಅಡುಗೆಮನೆಯಿಂದ, ಮಾಮನ ಹೆಂಡತಿಯಿಂದ. “ಬೀಳತ್ತಮ್ಮ. ಕೆಲಸ ಮಾಡ್ತಾ ಮಾಡ್ತಾ ದಬಕ್ ಅಂತ ಬೀಳತ್ತೆ. ಮಧ್ಯಾಹ್ನ ಊಟ ಆದ್ಮೇಲೆ ಜಾಸ್ತಿ. ಇವರ ಹಾಗೇ.”

“ನಾನು ಬೀಳಲ್ಲ, ಮಲಗ್ತೀನಿ,” ಎಂದರು ಮಾಮ. “ಕಂಪ್ಯೂಟರ್ ಬೀಳಲ್ಲಮ್ಮ ಡಾಕ್ಟ್ರಮ್ಮ, ಅಕ್ಷರ ಜೋಡಿಸೋ ಪ್ರೋಗ್ರಾಂ ಮಾತ್ರ ಮುಚ್ಕೊಂಡು ಹೋಗತ್ತೆ. ‘ಕೆಲಸ ನಿಲ್ಲಿಸಿದೆ’ ಅಂತ ಒಂದು ಚೀಟಿ ತೋರಿಸತ್ತೆ. ನಿಲ್ಲಿಸಿದ್ದು ನನಗೆ ಗೊತ್ತಾಗಲ್ವಾ? ಯಾಕೆ ಅಂತ ಹೇಳಬೇಕಪ್ಪ.”

ಹೊಸದೊಂದು ಕೆಲಸ ಬಂದಿತ್ತು. ಬೀದಿಯ ಮನೆಗಳಿಗೆಲ್ಲ ಒಂದೇ ತರಹದ ನಂಬರ್ ಹಲಗೆ ಹಾಕಿಸಬೇಕೆಂದು ನಿವಾಸಿಗಳ ಸಂಘದವರು ತೀರ್ಮಾನಿಸಿದ್ದರು. ಮಾಮನ ಕೈಬರಹವೇ ಇರಲಿ ಎಂದು ಹಿರಿಯರು ಪಟ್ಟು ಹಿಡಿದಿದ್ದರು. ಆದರೆ ಕಾರ್ಯದರ್ಶಿ ಮೊನ್ನೆ ಬಂದು, ಭಾನುವಾರದೊಳಗೆ ಆಗದಿದ್ದರೆ ಕಾರ್ಖಾನೆಯ ಪ್ಲಾಸ್ಟಿಕ್ ಅಂಕಿಗಳನ್ನು ತರಿಸುವುದಾಗಿ ಹೇಳಿಹೋಗಿದ್ದ. ಅದೇ ಭಾನುವಾರ ಮಗಳು ಹೊಸ ಕಂಪ್ಯೂಟರ್ ತರುವವಳಿದ್ದಳು. ಹಳೆಯದನ್ನು ಗುಜರಿಗೆ ಹಾಕೋಣ ಎಂಬುದು ಅವಳ ಮಾತು. ಈ ಹಳೆಯ ಪ್ರೋಗ್ರಾಂ ಹೊಸ ಯಂತ್ರಗಳಲ್ಲಿ ನಡೆಯುವುದಿಲ್ಲ ಎಂದು ಹುಡುಗಿಗೆ ಗೊತ್ತಿತ್ತು. ಮಾಮನಿಗೂ ಗೊತ್ತಿತ್ತು.

“ಇದು ಹೋದ್ರೆ ನನ್ನ ಕೈ ಹೋಯ್ತು ಅಂತ,” ಎಂದರು ಅವರು, ಹವಾಮಾನದ ಬಗ್ಗೆ ಮಾತಾಡುವವರ ಹಾಗೆ.

ಹುಡುಗಿ ಡಬ್ಬದ ಮುಚ್ಚಳ ಬಿಚ್ಚಿ ಕುಳಿತಳು. ಒಳಗೆ ಧೂಳು ಹಾಸಿಗೆ ಹಾಸಿಕೊಂಡಿತ್ತು. ಬಣ್ಣ ಹಚ್ಚುವ ಮೆತ್ತನೆಯ ಬ್ರಷ್ ಒಂದನ್ನು ಮಾಮನೇ ಕೊಟ್ಟರು. ಧೂಳು ತೆಗೆದಳು. ಮೆಮೊರಿ ಪಟ್ಟಿಗಳನ್ನು ಕಿತ್ತು, ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದಳು. ಫ್ಯಾನಿಗೆ ಒಂದು ಹನಿ ಎಣ್ಣೆ ಬಿಟ್ಟಳು. ಡಿಸ್ಕ್ ಪರೀಕ್ಷೆಗೆ ಹಾಕಿದಳು. ಅದು ಮುಗಿಯುವವರೆಗೆ ಮಾಮನ ಹೆಂಡತಿ ಚಹಾ ಕೊಟ್ಟರು, ಮಾಮ ಲಾರಿಗಳ ಕಥೆ ಹೇಳಿದರು. ಒಬ್ಬ ಡ್ರೈವರ್ ತನ್ನ ಲಾರಿಯ ಹಿಂದೆ ಹೆಂಡತಿಯ ಹೆಸರು ಬರೆಸಿ, ಜಗಳವಾದಾಗಲೆಲ್ಲ ಬಂದು ಅಳಿಸಿಹಾಕಿಸಿ, ರಾಜಿಯಾದಾಗಲೆಲ್ಲ ಬಂದು ಬರೆಸುತ್ತಿದ್ದನಂತೆ. “ಅವರ ಸಂಸಾರದಿಂದ ನನ್ನ ಸಂಸಾರ ನಡೀತು,” ಎಂದರು.

ಪರೀಕ್ಷೆಯಲ್ಲಿ ಡಿಸ್ಕ್ ಪಾಸಾಯಿತು. ಪ್ರೋಗ್ರಾಂ ತೆರೆದು ಮಾಮನನ್ನು ಕೂರಿಸಿದಳು. ಅವರು ಒಂದು ಬೆರಳಿನಿಂದ ಕುಟ್ಟಿದರು. ಒಂದು ಹಲಗೆಯ ನಂಬರ್ ಆಯಿತು, ಇನ್ನೊಂದರದು ಆಯಿತು. ಹುಡುಗಿ ಸಾಮಾನು ಚೀಲಕ್ಕೆ ತುಂಬಲು ಬಗ್ಗಿದಳು. ಆಗಲೇ ಪರದೆ ಒಮ್ಮೆ ಮಂಕಾಗಿ, ಅದೇ ಚೀಟಿ ತೋರಿಸಿತು.

“ನೋಡಿದ್ಯಾ,” ಎಂದರು ಮಾಮ. “ನೀನು ಚಹಾ ಕುಡಿದು ಮುಗಿಸ್ಲಿ ಅಂತ ಕಾಯ್ತಿತ್ತು. ಮರ್ಯಾದೆ ಗೊತ್ತಿರೋ ಕಂಪ್ಯೂಟರ್.”

ಹುಡುಗಿಯ ಮುಖ ಸಣ್ಣದಾಯಿತು. ಬಿಸಿಯಾಗಿ ಹೀಗಾಗುತ್ತಿದೆಯೇ ಎಂದು ಮುಚ್ಚಳ ತೆರೆದಿಟ್ಟೇ ಓಡಿಸಿದಳು. ಮತ್ತೆ ಬಿತ್ತು. ಪ್ರೋಗ್ರಾಂ ಕಿತ್ತು ಹೊಸದಾಗಿ ಹಾಕೋಣವೆಂದರೆ ಅದರ ಸಿಡಿ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಕಿತ್ತರೆ ಕಿತ್ತಂತೆಯೇ. ಅಂಗಡಿಯ ಯಜಮಾನನಿಗೆ ಫೋನ್ ಮಾಡಿದಳು. “ಬಿಟ್ಟು ಬಾ. ವಯಸ್ಸಾಗಿದೆ ಅಂತ ಹೇಳು,” ಎಂದ ಅವನು. ಫೋನಿನ ದನಿ ಕೋಣೆಗೆಲ್ಲ ಕೇಳಿಸಿತು. ಮಾಮ ತಮ್ಮ ಬಲಗೈಯನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡರು.

ಹಾಗೆ ಎದ್ದು ಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಮುಗಿದ ಹಲಗೆಗಳನ್ನು ಮಂಚದ ಮೇಲೆ ಒಣಗಲು ಸಾಲಾಗಿ ಇಟ್ಟಿದ್ದರು. ಅಂಕಿಗಳು ಚೆಂದವಾಗಿದ್ದವು. ಎರಡರ ಕುತ್ತಿಗೆ ಬಾತುಕೋಳಿಯ ಹಾಗೆ ಬಳುಕಿತ್ತು, ಏಳು ನೆಟ್ಟಗೆ ನಿಂತಿತ್ತು. ಅವಳು ಒಂದೊಂದನ್ನೇ ನೋಡುತ್ತಿದ್ದಾಗ ಮಾಮನ ಹೆಂಡತಿ ಲೋಟ ತೆಗೆಯಲು ಬಂದವರು ಅಲ್ಲೇ ನಿಂತರು.

“ಊರಿಗೆಲ್ಲ ಆಯ್ತು, ನಮ್ಮನೇದೇ ಆಗಿಲ್ಲ ನೋಡು. ಹದಿನೆಂಟು ಅಂತ ಹೊಡೆಯೋಷ್ಟರಲ್ಲಿ ಬಿದ್ದೋಗತ್ತೆ. ಮೂಲೆಮನೆ ಇಪ್ಪತ್ತೆಂಟನೇದವರದೂ ಹಾಗೇ. ಬೇಕಂತಲೇ ಮಾಡಿಕೊಡ್ತಿಲ್ಲ ಅಂತ ಆ ಮನೆಯವಳು ನನ್ನ ಜೊತೆ ಮಾತು ಬಿಟ್ಟಿದಾಳೆ.”

ಹುಡುಗಿ ಲೋಟ ಕೊಡುವುದನ್ನು ಮರೆತು ಹಲಗೆಗಳ ಕಡೆ ತಿರುಗಿದಳು. ಸಾಲಿನಲ್ಲಿ ಎಲ್ಲ ಅಂಕಿಗಳೂ ಇದ್ದವು. ಎಂಟು ಮಾತ್ರ ಎಲ್ಲೂ ಇರಲಿಲ್ಲ.

ಅವಳು ಕೀಲಿಮಣೆಯ ಮುಂದೆ ಕುಳಿತು ಒಂದೊಂದೇ ಅಂಕಿ ಒತ್ತಿದಳು. ಸೊನ್ನೆಯಿಂದ ಏಳರವರೆಗೆ ಎಲ್ಲ ಮೂಡಿದವು. ಎಂಟು ಒತ್ತಿದಳು. ಚೀಟಿ ಬಂತು. ಮತ್ತೆ ತೆರೆದು, ಮಾಮನ ಕೈಬರಹ ಬಿಟ್ಟು ಪ್ರೋಗ್ರಾಂ ಜೊತೆಗೇ ಬಂದಿದ್ದ ಬೇರೆ ಬರಹದಲ್ಲಿ ಎಂಟು ಒತ್ತಿದಳು. ಏನೂ ಆಗಲಿಲ್ಲ, ಎಂಟು ಸುಮ್ಮನೆ ಬಂದು ನಿಂತಿತು.

“ಮಾಮ,” ಎಂದಳು. ಸರ್ ಅನ್ನುವುದು ಯಾವಾಗ ಬಿಟ್ಟುಹೋಯಿತೋ ಅವಳಿಗೇ ತಿಳಿಯಲಿಲ್ಲ. “ಕಂಪ್ಯೂಟರ್ ಸರಿ ಇದೆ. ಪ್ರೋಗ್ರಾಂ ಸರಿ ಇದೆ. ನಿಮ್ಮ ಎಂಟು ಸರಿ ಇಲ್ಲ.”

ಮಾಮನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಗಳು ಅಕ್ಷರ ಕೂರಿಸಲು ಬಳಸಿದ್ದ ಇನ್ನೊಂದು ಸಣ್ಣ ಪ್ರೋಗ್ರಾಂ ಕಂಪ್ಯೂಟರಿನಲ್ಲೇ ಇತ್ತು. ಅದರಲ್ಲಿ ತೆರೆದರೆ ಪ್ರತಿ ಅಂಕಿಯೂ ಗೆರೆಯಾಗಿ, ಗೆರೆ ತಿರುಗುವ ಕಡೆಯಲ್ಲೆಲ್ಲ ಒಂದೊಂದು ಚುಕ್ಕಿಯಾಗಿ ಕಾಣುತ್ತಿತ್ತು. ಮೂರಕ್ಕೆ ಅಲ್ಲೊಂದು ಇಲ್ಲೊಂದು ಚುಕ್ಕಿ. ಆರಕ್ಕೂ ಅಷ್ಟೇ. ಎಂಟನ್ನು ತೆರೆದಳು. ಯಂತ್ರ ಬಹಳ ಹೊತ್ತು ಗುರುಗುಟ್ಟಿತು. ಕೊನೆಗೆ ಪರದೆಯ ಮೇಲೆ ಬಂದದ್ದು ಗೆರೆಯಲ್ಲ, ಬೆಲ್ಲದ ತುಣುಕಿಗೆ ಮುತ್ತಿದ ಇರುವೆಗಳ ಹಾಗೆ ಚುಕ್ಕಿಗಳ ಕಪ್ಪು ರಾಶಿ. ಗೆರೆಯ ಮೇಲೆ ಗೆರೆ, ಅದರ ಮೇಲೆ ಮತ್ತೊಂದು.

“ಇದಕ್ಕೇನು ಮಾಡಿದ್ರಿ ಮಾಮ?”

ಮಾಮ ಗೋಡೆ ನೋಡಿದರು, ಇಟ್ಟಿಗೆ ನೋಡಿದರು. ಹೆಂಡತಿ ಅವರನ್ನು ನೋಡಿದರು.

“ಎರಡನೇ ಕೋಟ್ ಕೊಟ್ಟೆ,” ಎಂದರು ಕೊನೆಗೆ.

“ಏನು?”

“ಆ ಎಂಟು ನನಗೆ ಯಾವತ್ತೂ ಇಷ್ಟ ಆಗಿರಲಿಲ್ಲಮ್ಮ. ಮಗಳು ಫೋಟೋ ತೆಗೆದದ್ದು ನಾನು ಅವಸರದಲ್ಲಿ ಬರೆದ ಬೋರ್ಡಿಂದ. ಕೆಳಗಿನ ಹೊಟ್ಟೆ ಜಾಸ್ತಿ. ಸರಿ ಮಾಡೋಣ ಅಂತ ಮೌಸ್ ಹಿಡಿದು ಅದರ ಮೇಲೇ ತಿದ್ದಿದೆ. ಕೈ ನಡುಗ್ತು, ಗೆರೆ ಸೊಟ್ಟ ಆಯ್ತು. ಬಣ್ಣದಲ್ಲಿ ಹಾಗಾದ್ರೆ ಏನು ಮಾಡ್ತೀವಿ? ಒಣಗಿದ ಮೇಲೆ ಇನ್ನೊಂದು ಕೋಟ್ ಹೊಡೀತೀವಿ. ಮೊದಲನೇ ಕೋಟಿನ ನಡುಕ ಎರಡನೇದರಲ್ಲಿ ಮುಚ್ಚಿಹೋಗತ್ತೆ. ಇಲ್ಲೂ ದಿನಾ ಬೆಳಗ್ಗೆ ಒಂದೊಂದು ಕೋಟ್ ಕೊಟ್ಟೆ.”

“ದಿನಾ?”

“ದಿನಾ,” ಎಂದರು ಹೆಂಡತಿ. “ಮುಖ ತೊಳೆಯೋಕೆ ಮುಂಚೆ. ನಾನೇನೋ ಪೇಪರ್ ಓದ್ತಿದಾರೆ ಅಂದ್ಕೊಂಡಿದ್ದೆ.”

ಹುಡುಗಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಮಾಮ, ಇದರಲ್ಲಿ ಯಾವುದೂ ಮುಚ್ಚಿಹೋಗಲ್ಲ. ನಿಮ್ಮ ಕೈ ಎಲ್ಲೆಲ್ಲಿ ನಡುಗಿತೋ ಅಲ್ಲೆಲ್ಲ ಒಂದು ಚುಕ್ಕಿ ಕೂತಿದೆ. ಅಷ್ಟನ್ನೂ ಒಟ್ಟಿಗೆ ಎತ್ತೋಕೆ ಆ ಪ್ರೋಗ್ರಾಂಗೆ ಶಕ್ತಿ ಇಲ್ಲ. ಎತ್ತೋಕೆ ಹೋಗಿ ಬೀಳ್ತಿದೆ.”

ಮಾಮ ಆ ಕಪ್ಪು ರಾಶಿಯನ್ನು ಬಹಳ ಹೊತ್ತು ನೋಡಿದರು. “ಇಷ್ಟು ನಡುಗಿದೆಯಾ,” ಎಂದರು ಮೆಲ್ಲಗೆ.

ಮಗಳು ಮಾಡಿದ ಮೊದಲಿನ ಎಂಟು ಉಳಿದಿರಲಿಲ್ಲ. ತಿದ್ದಿದ್ದನ್ನೆಲ್ಲ ಅದರ ಮೇಲೇ ಉಳಿಸಿ ಉಳಿಸಿ ಮಾಮ ಅದನ್ನು ಮುಗಿಸಿದ್ದರು. ಆ ಬೋರ್ಡಿದ್ದ ಅಂಗಡಿಯೂ, ಅದರ ಫೋಟೋವೂ ಈಗ ಇರಲಿಲ್ಲ. ಹುಡುಗಿ ಎರಡು ಸೊನ್ನೆಗಳನ್ನು ಒಂದರ ಮೇಲೊಂದು ಕೂರಿಸಿ ತೋರಿಸಿದಳು. ಮಾಮ ಮೂಗು ಮುರಿದರು. “ಇದು ಎಂಟಲ್ಲ, ಮಕ್ಕಳ ಬೊಂಬೆ. ಎಂಟು ಅಂದ್ರೆ ಒಂದೇ ಉಸಿರಲ್ಲಿ ಹೋಗಿ ಒಂದೇ ಉಸಿರಲ್ಲಿ ವಾಪಸ್ ಬರಬೇಕು.” ಬೇರೆ ಬರಹದ ಎಂಟನ್ನೇ ಹಾಕೋಣವೇ ಎಂದು ಕೇಳಿದಳು. “ಅದಕ್ಕೆ ನಾನ್ಯಾಕೆ? ಕಾರ್ಖಾನೆ ಸಾಕು,” ಎಂದರು.

“ಹಾಗಾದ್ರೆ ಕಾಗದದ ಮೇಲೆ ಬ್ರಷ್ಷಿನಿಂದ ಒಂದು ಬರೆದುಕೊಡಿ. ನಾನು ಅದರ ಗೆರೆ ತೆಗೀತೀನಿ. ಆದ್ರೆ ಒಂದೇ ಕೋಟ್.”

“ಈ ಕೈಯಲ್ಲಾ?”

“ಮತ್ಯಾರ ಕೈಯಲ್ಲಿ?” ಎಂದರು ಹೆಂಡತಿ. ಮಂಚದ ಕೆಳಗಿನಿಂದ ಕೋಲು ಎಳೆದು, ಒಂದು ತುದಿಯನ್ನು ಮೇಜಿಗೆ ಒತ್ತಿ ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತರು. “ಬರೀರಿ. ಕೋಲು ಅಲ್ಲಾಡಿದ್ರೆ ನನ್ನ ಕೇಳಿ.”

ಮಾಮ ಬ್ರಷ್ ಅದ್ದಿದರು. ಮಣಿಕಟ್ಟನ್ನು ಕೋಲಿನ ಮೇಲೆ ಇಟ್ಟರು. ಬ್ರಷ್ ಮೇಲಿನಿಂದ ಇಳಿಯಿತು, ಬಳುಕಿತು, ಕೆಳಗೆ ಸುತ್ತು ಹಾಕಿತು, ವಾಪಸ್ ಏರುವಾಗ ನಡುವಿನಲ್ಲಿ ಒಂದು ಕ್ಷಣ ತಡವರಿಸಿ, ಮತ್ತೆ ಹಿಡಿತ ಸಿಕ್ಕಿ ಮೇಲೆ ಹೋಗಿ ಕೂಡಿಕೊಂಡಿತು. ಮಾಮನ ಕೈ ಅಭ್ಯಾಸ ಬಲದಿಂದ ಮತ್ತೆ ಬಣ್ಣದ ಡಬ್ಬಿಗೆ ಹೋಯಿತು. ಹೆಂಡತಿ ಡಬ್ಬಿಯನ್ನು ಆಚೆ ಸರಿಸಿದರು.

ಹುಡುಗಿ ಅದರ ಫೋಟೋ ತೆಗೆದು, ಗೆರೆ ಎಳೆದು, ಬೇಕಾದಷ್ಟೇ ಚುಕ್ಕಿ ಇಟ್ಟು, ಹಳೆಯ ರಾಶಿಯನ್ನು ಅಳಿಸಿ ಅದರ ಜಾಗದಲ್ಲಿ ಕೂರಿಸಿದಳು. ನಡುವಿನಲ್ಲಿ ತಡವರಿಸಿದ ಕಡೆ ಸಣ್ಣದೊಂದು ಕೊಂಕು ಇತ್ತು. ಅದನ್ನು ನೇರ ಮಾಡುವುದು ಅವಳಿಗೆ ಸುಲಭವಿತ್ತು. ಮೌಸ್ ಅಲ್ಲಿಗೆ ಹೋಯಿತು, ನಿಂತಿತು. ಹಾಗೇ ಬಿಟ್ಟಳು.

“ನೀವೇ ಒತ್ತಿ,” ಎಂದಳು.

ಮಾಮ ಎಡಗೈಯಿಂದ ಒಂದು ಒತ್ತಿದರು, ಎಂಟು ಒತ್ತಿದರು. ಹದಿನೆಂಟು ಪರದೆಯ ಮೇಲೆ ಬಂದು ನಿಂತಿತು. ಎಲ್ಲರೂ ಚೀಟಿಗಾಗಿ ಕಾದರು. ಚೀಟಿ ಬರಲಿಲ್ಲ.

“ಸೊಂಟನೋವಿನ ಎಂಟು,” ಎಂದರು ಮಾಮ, ತಲೆ ಓರೆ ಮಾಡಿ ನೋಡುತ್ತ.

“ಮನೆ ಯಜಮಾನರಿಗೆ ತಕ್ಕ ಹಾಗಿದೆ,” ಎಂದರು ಹೆಂಡತಿ. “ಮೊದಲು ಇಪ್ಪತ್ತೆಂಟು ಮಾಡಿ. ಅವಳು ಮಾತಾಡ್ಲಿ.”

ಭಾನುವಾರದ ಹೊತ್ತಿಗೆ ಹಲಗೆಗಳೆಲ್ಲ ಗೇಟುಗಳಿಗೆ ಏರಿದವು. ಮಗಳು ಹೊಸ ಕಂಪ್ಯೂಟರ್ ತಂದಳು. ಅದು ಹೊಲಿಗೆ ಯಂತ್ರದ ಇನ್ನೊಂದು ಪಕ್ಕದಲ್ಲಿ ಕುಳಿತಿದೆ. ಅದರಲ್ಲಿ ಮಾಮನ ಹೆಂಡತಿ ಹೊಲಿಗೆಯ ವಿಡಿಯೋ ನೋಡುತ್ತಾರೆ. ಹಳೆಯದು ಇಟ್ಟಿಗೆಯ ಮೇಲೇ ಇದೆ. ಆ ದಾರಿಯಲ್ಲಿ ಕೆಲಸವಿದ್ದಾಗಲೆಲ್ಲ ಹುಡುಗಿ ಒಳಗೆ ಹೋಗಿ ಅದರ ಧೂಳು ತೆಗೆದು ಚಹಾ ಕುಡಿದು ಬರುತ್ತಾಳೆ. ಹೊಸ ಚೀಲವೊಂದು ಅವಳ ಹೆಗಲಿನಲ್ಲಿದೆ. ಅದರ ಮೇಲಿನ ಅಂಗಡಿಯ ಹೆಸರು ಮಾಮನ ಅಕ್ಷರಗಳಲ್ಲಿದೆ, ಕೊನೆಯವರೆಗೂ ಸಮನಾಗಿ.

ಬ್ರಷ್ ಮಾಮ ಈಗ ಪಕ್ಕದ ಬೀದಿಯ ಮನೆಗಳಿಗೆ ನಂಬರ್ ಹಲಗೆ ಬರೆಯುತ್ತಿದ್ದಾರೆ. ಬೆಳಗ್ಗೆ ಮುಖ ತೊಳೆದ ಮೇಲೆ ಕೆಲಸಕ್ಕೆ ಕೂರುತ್ತಾರೆ. ಹೆಂಡತಿ ಕೋಲು ಹಿಡಿಯುತ್ತಾರೆ.