ಶಿವಪುತ್ರಣ್ಣನ ಗಾಡಿಗೆ ಕೈ ಹಚ್ಚಿದ್ದು

…ಅಥವಾ ಅವರೇ ಕೇಳಿರಬೇಕು. ಅವರು ಕೇಳದೆ ನಾನು ಆ ಗಾಡಿಗೆ ಕೈ ಹಚ್ಚುವವಳಲ್ಲ. ಆದರೆ ಕೇಳಿದ ದನಿ ನೆನಪಿಲ್ಲ. ನೆನಪಿರುವುದು ಅಂಗೈಗೆ ತಗುಲಿದ ಹೆಡ್‌ಲೈಟಿನ ಬಿಸಿ. ಅದೂ ಅನುಮಾನವೇ. ಚಳಿಗಾಲದ ಬೆಳಗ್ಗೆ, ಗಂಟೆಗಟ್ಟಲೆ ನೆರಳಲ್ಲಿ ನಿಂತಿದ್ದ ಗಾಡಿಯ ಹೆಡ್‌ಲೈಟು ಬಿಸಿಯಾಗಿರುವುದು ಹೇಗೆ?

ಶಿವಪುತ್ರಣ್ಣನ ಬಗ್ಗೆ ಖಚಿತವಾಗಿ ಹೇಳಬಲ್ಲ ಸಂಗತಿ ಒಂದೇ. ಗಾಡಿಯನ್ನು ಎಲ್ಲೇ ನಿಲ್ಲಿಸಲಿ, ಅದರ ಮೂತಿ ರಸ್ತೆಯ ಕಡೆಗೇ ಇರುತ್ತಿತ್ತು. ಇನ್ನೂರು ಕಿಲೋದ ಆ ಮೋಟಾರ್‌ಸೈಕಲ್ಲಿಗೆ ರಿವರ್ಸ್ ಗೇರಿಲ್ಲ. ಒಳಮುಖವಾಗಿ ನುಗ್ಗಿಸಿ ನಿಲ್ಲಿಸಿದರೆ ಹೊರಗೆಳೆಯುವುದು ಮೈಯ ಕೆಲಸ. ಡೊಂಬಿವಲಿಯ ನಮ್ಮ ಮನೆಗೆ ಬಂದಾಗ ಅವರ ಚಪ್ಪಲಿಗಳೂ ಮೂತಿ ಹೊರಗೆ ಮಾಡಿಕೊಂಡೇ ಇರುತ್ತಿದ್ದವು ಎಂದು ಬರೆಯುವ ಆಸೆ. ಅದನ್ನು ನಾನು ನೋಡಿದ್ದೆನೋ ಆಮೇಲೆ ಜೋಡಿಸಿಕೊಂಡೆನೋ ತಿಳಿಯದು, ಬಿಡುತ್ತೇನೆ.

ವಿಜಯಪುರದ ಕಡೆಯವರು. ಮಹಾಪೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರಾಗಿ ಸೇರಿ ಅಲ್ಲೇ ನಿವೃತ್ತರಾದರು. ಆದರೆ ಅವರ ಬಾಯಲ್ಲಿ "ನಮ್ಮ ಕಂಪನಿ" ಎಂದರೆ ಆ ಕಾರ್ಖಾನೆಯಲ್ಲ, ಗಾಡಿ ಮಾಡಿದ ಕಂಪನಿ. "ನಮ್ಮ ಕಂಪನಿಯವ್ರು ಹೊಸಾ ಮಾಡೆಲ್ ಬಿಟ್ಟಾರ" ಎಂದು ಮನೆಯಲ್ಲಿ ಮದುವೆ ಗೊತ್ತಾದಂತೆ ಹೇಳುತ್ತಿದ್ದರು. ಬೇರೆಯವರ ಹಗುರ ಗಾಡಿಗಳೆಲ್ಲ "ಹೊಲಿಗಿ ಮಿಷನ್". ಭಾನುವಾರ ಬೆಳಗ್ಗೆ ಶೀಳ್ ಫಾಟಾದ ಚಹಾ ಟಪರಿಯಲ್ಲಿ ಸೇರುತ್ತಿದ್ದ ನಾವು ಏಳೆಂಟು ಮಂದಿಯೂ ಅದೇ ಕಂಪನಿಯ ಗಾಡಿಯವರು, ಐವತ್ತು ದಾಟಿದವರು. ಹೆಂಗಸು ನಾನೊಬ್ಬಳೇ.

ಗುಂಪಿಗೆ ಅವರು ಮಾಡಿದ್ದ ನಿಯಮ: ಗಾಡಿಯವರೇ ಸಹಾಯ ಕೇಳದೆ ಅವರ ಗಾಡಿಗೆ ಕೈ ಹಚ್ಚಬಾರದು. ಬಿದ್ದರೂ ಸರಿ. ಒಮ್ಮೆ ಟಪರಿಯೆದುರಿನ ಜಲ್ಲಿಯಲ್ಲಿ ನನ್ನ ಗಾಡಿ ಮಗುಚಿತು. ಕಲ್ಯಾಣದಲ್ಲಿ ಹೋಟೆಲಿಟ್ಟಿರುವ ಮಂಗಳೂರಿನ ಸದಾನಂದ ಓಡಿ ಬಂದ. ಶಿವಪುತ್ರಣ್ಣ ಅವನ ತೋಳು ಹಿಡಿದರು.

"ತಡಿಯಪಾ. ಅಕಿ ಕೇಳ್ಯಾಳೇನು?"

"ಎಂಥ ಮಾರಾಯ್ರೆ, ಪೆಟ್ರೋಲ್ ಚೆಲ್ತಾ ಉಂಟು!"

"ಚೆಲ್ಲಲಿ. ತಂಗೀ, ಗಾಡಿಗೆ ಬೆನ್ನ ಮಾಡು. ಕುಂಡಿ ಸೀಟಿಗೆ ಹಚ್ಚು, ನಾಚಬ್ಯಾಡ. ತೋಳಿಲೆ ಎತ್ತಬ್ಯಾಡ, ಕಾಲಿಲೆ ಎತ್ತು. ಹಂಗ ಹಿಂದ ಹಿಂದ ನಡಿ."

ಗಾಡಿ ಎದ್ದಿತು. ಮನೆ ಮುಟ್ಟುವವರೆಗೂ ನನ್ನ ತೊಡೆಗಳು ನಡುಗುತ್ತಿದ್ದವು, ಹೆಲ್ಮೆಟ್ಟಿನೊಳಗೆ ನಗುತ್ತಿದ್ದೆ.

ಅವತ್ತೋ ಬೇರೆ ದಿನವೋ, ಎಲ್ಲರೆದುರು ಹೇಳಿದ್ದರು: "ಯಾವತ್ತ ನನ್ನ ಗಾಡಿ ನನ್ನ ಕೈಲೆ ಹೊರಗ ಬರಂಗಿಲ್ಲ, ಅವತ್ತ ಮಾರಿಬಿಡ್ತೀನಿ." ಆಡಿದರೆ ಮಾಡುವ ಮನುಷ್ಯ. ಆಗಲೇ ಅವರ ಎಡ ಮೊಣಕಾಲು ಮೆಟ್ಟಿಲಿಳಿಯುವಾಗ ಕಟಕಟ ಅನ್ನುತ್ತಿತ್ತು.

ಟಿಟ್ವಾಳಾದ ಗುಡಿಗೆ ಹೋದ ಭಾನುವಾರ. ಗಣಪತಿ ದರ್ಶನ ಮುಗಿಸಿ ಹೊರಬಂದರೆ ಶಿವಪುತ್ರಣ್ಣನ ಗಾಡಿ ಇಳಿಜಾರಿನಲ್ಲಿ, ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಂತಿತ್ತು. ಹೊಸದಾಗಿ ಗಾಡಿ ಕೊಂಡವರು ಮಾಡುವ ತಪ್ಪು. ಮಾತಿನ ಭರದಲ್ಲಿ ಮರೆತರೋ, ಅಥವಾ ಬೇಕೆಂದೇ ಹಾಗೆ ನಿಲ್ಲಿಸಿ ತಮ್ಮನ್ನು ಪರೀಕ್ಷಿಸಿಕೊಂಡರೋ? ನನಗೆ ಇವತ್ತಿಗೂ ಕುತೂಹಲ.

ಸೀಟಿನ ಮೇಲೆ ಕೂತು ಹಿಮ್ಮಡಿಯೂರಿ ಹಿಂದಕ್ಕೆ ನೂಕಿದರು. ಗಾಡಿ ಒಂದು ಗೇಣು ಹಿಂದೆ ಬಂತು, ಮತ್ತೆ ಹೋಗಿ ಗೋಡೆಗೆ ತಾಗಿತು. ಇಳಿದು ಹ್ಯಾಂಡಲ್ ಹಿಡಿದು ಎಳೆದರು. ಮತ್ತೆ ಒಂದು ಗೇಣು. ನಾವೆಲ್ಲ ಚಹಾದ ಲೋಟ ಹಿಡಿದು ನಿಂತಿದ್ದೆವು, ಯಾರೂ ಕುಡಿಯಲಿಲ್ಲ. ಹೂವಿನಂಗಡಿಯ ಹೆಂಗಸು, "ಅರೇ, ಧಕ್ಕಾ ಮಾರಾ ನಾ!" ಎಂದು ನಮ್ಮನ್ನು ಬೈದಳು. ದೂಡಿದರೆ ಗಾಡಿ ಹೊರಗೆ ಬರುತ್ತದೆ, ಆದರೆ ಅದೇ ಆ ಗಾಡಿಯಲ್ಲಿ ಅವರ ಕೊನೆಯ ಸವಾರಿಯಾಗುತ್ತದೆ. ಅವಳಿಗೇನು ಗೊತ್ತು?

ಆಮೇಲೆ ನಾನು ಗೋಡೆಗೂ ಗಾಡಿಗೂ ನಡುವೆ ತೂರಿಕೊಂಡಿದ್ದೆ. ಎರಡೂ ಕೈ ಹೆಡ್‌ಲೈಟಿನ ಮೇಲಿದ್ದವು. ನಡುವಿನ ಕ್ಷಣ ಕಾಣೆಯಾಗಿದೆ.

ಅಣ್ಣ ನನ್ನನ್ನು ಕರೆದದ್ದು ಕಂಡೆಯಾ ಎಂದು ಆಮೇಲೊಮ್ಮೆ ಸದಾನಂದನನ್ನು ಕೇಳಿದೆ. "ನೀವೆಂಥದು ದೂಡಿದ್ದು? ದೂಡಿದ್ದು ನಾನಲ್ವಾ! ಅಣ್ಣ ಕಣ್ಣಲ್ಲೇ ಕರೆದದ್ದು ನನ್ನನ್ನು," ಎಂದ. ಅವನಿಗೂ ಅಂಗೈ ಬಿಸಿಯಾಗಿತ್ತೇ ಎಂದು ಕೇಳಲು ಮರೆತೆ.

ಎರಡು ವಾರದ ನಂತರ ಟಪರಿಗೆ ಒಂದು ಹಗುರ ಗಾಡಿ ಬಂತು. ಬೇರೆ ಕಂಪನಿಯದು. ಒಂದೇ ಕೈಯಲ್ಲಿ ಹಿಂದೆ ಸರಿಸಬಹುದಾದ ಅದನ್ನೂ ಶಿವಪುತ್ರಣ್ಣ ಮೂತಿ ಹೊರಗೆ ಮಾಡಿಯೇ ನಿಲ್ಲಿಸಿದರು. ಒಂದಿಬ್ಬರು ಮೊಬೈಲು ನೋಡತೊಡಗಿದರು.

"ಅಣ್ಣ, ಇದು ಹೊಲಿಗೆ ಮಿಷನ್ನಾ?" ಎಂದ ಸದಾನಂದ.

"ಹೌದಪಾ. ಚಲೋ ಹೊಲೀತದ."

"ಮತ್ತೆ ನಮ್ಮ ಕಂಪನಿ?"

ಅವರು ಚಹಾ ಊದಿದರು. "ನಲವತ್ತ ವರ್ಷ ನಾ ನಮ್ಮ ಕಂಪನಿ, ನಮ್ಮ ಕಂಪನಿ ಅಂದೆ. ಅವ್ರು ಒಮ್ಮೆರ ನಮ್ಮ ಶಿವಪುತ್ರಪ್ಪ ಅಂದಾರೇನು?"

ಎಲ್ಲರೂ ನಕ್ಕರು. ಅವರು ಮಾತ್ರ ನಮ್ಮ ಗಾಡಿಗಳ ಸಾಲನ್ನು ಒಂದೊಂದಾಗಿ ನೋಡುತ್ತಿದ್ದರು. ಅಥವಾ ಆಚೆ ರಸ್ತೆಯನ್ನು.

ಕೊನೆಯ ಸಲ ಸಿಕ್ಕಿದ್ದು ಥಾಣೆ ನಗರದ ಕೆರೆಯ ದಂಡೆಯಲ್ಲಿ. ಆ ಹಗುರ ಗಾಡಿಯಲ್ಲಿ ಒಬ್ಬರೇ ವಿಜಯಪುರಕ್ಕೆ ಹೋಗಿ ಬಂದಿದ್ದರು. ಮುಖ ಸುಟ್ಟು ಕಪ್ಪಾಗಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. "ಬೆನ್ನ ನೋಯಲಿಲ್ಲ ತಂಗೀ! ಇಷ್ಟ ವರ್ಷ ಬೆನ್ನ ನೋವಂದ್ರನ ಸವಾರಿ ಅನ್ಕೊಂಡಿದ್ದೆ." ಧೈರ್ಯ ಮಾಡಿ ಕೇಳಿದೆ: "ಅಣ್ಣ, ಟಿಟ್ವಾಳಾದಲ್ಲಿ ನೀವು ಕರೆದ್ರಾ, ಇಲ್ಲಾ ನಾನೇ ಬಂದೆನಾ?"

ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಅಂದರು, "ಗಾಡಿ ಹೊರಗ ಬಂತಿಲ್ಲೋ?"

ಹೊರಟುಹೋದರು. ಮೂರು ತಿಂಗಳ ಮೇಲೆ ಸದಾನಂದ ಫೋನ್ ಮಾಡಿದ. ನಿದ್ದೆಯಲ್ಲೇ ಹೋದರಂತೆ.

ನನ್ನ ಭಾರದ ಗಾಡಿ ಇನ್ನೂ ಇದೆ. ಮಾರಬೇಕೆಂದುಕೊಂಡಾಗಲೆಲ್ಲ ಟಿಟ್ವಾಳಾದ ಆ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತೇನೆ, ಮನಸ್ಸಿನಲ್ಲಿ. ಅವರು ಕೇಳಿದ್ದರೆ, ಗಾಡಿ ಬಿಡುವ ತೀರ್ಮಾನ ಅವರದು. ಕೇಳಿರದಿದ್ದರೆ, ಅವರ ಕೈಯಿಂದ ಅದನ್ನು ಬಿಡಿಸಿದ್ದು ನಾನು. ಯಾವುದು ನಿಜವೋ ನನಗೆ ಗೊತ್ತಿಲ್ಲ.