ಕೊನೆಯ ಪ್ಯಾರಾ

ಸುದ್ದಿಯನ್ನು ಬುಡದಿಂದ ಕತ್ತರಿಸಬೇಕು. ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಕೂತು ನಾನು ಹೊಸಬರಿಗೆಲ್ಲ ಕಲಿಸಿದ ಮೊದಲ ಪಾಠ ಇದು. ಮುಖ್ಯವಾದದ್ದು ಮೇಲಿರಬೇಕು, ಜಾಗ ಸಾಲದಿದ್ದರೆ ಕೊನೆಯ ಪ್ಯಾರಾ ಹೋಗಬೇಕು. ಬಿಸಿಲಿನ ಸುದ್ದಿಗಳಲ್ಲಿ ಆ ಕೊನೆಯ ಪ್ಯಾರಾ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು: ಕರೆಂಟಿಗಾಗಿ ನಾವು ಸುಡುವ ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಕಾಯುತ್ತಿದೆ, ಮುಂದಿನ ಬೇಸಿಗೆಗಳು ಇನ್ನೂ ಕಠಿಣವಾಗಲಿವೆ ಎನ್ನುತ್ತಾರೆ ತಜ್ಞರು. ಇದು ಓದುಗರಿಗೆ ಬೋರು ಎಂದು ಅವರನ್ನು ಕೇಳದೆ ನಾವೇ ತೀರ್ಮಾನಿಸಿದ್ದೆವು. ಎಷ್ಟು ಸಲ ಹಾರಿಸಿದ್ದೇನೋ ದೇವರಿಗೇ ಗೊತ್ತು.

ಅದರ ಬದಲು ಪ್ರತಿ ಏಪ್ರಿಲ್‌ನಲ್ಲಿ ಒಂದು ಬಿಸಿಲಿನ ಫೋಟೊ ಹಾಕುವುದು ನಮ್ಮ ಸಂಪ್ರದಾಯ. ಎಳನೀರು ಕುಡಿಯುವ ಕಾಲೇಜು ಹುಡುಗಿಯರು, ಕಲ್ಲಂಗಡಿ ರಾಶಿ, ಬಣ್ಣಬಣ್ಣದ ಕೊಡೆಗಳು. ನೋಡಿದವರಿಗೆ ಬಿಸಿಲೂ ಒಂದು ಹಬ್ಬ ಎನಿಸಬೇಕು! ಒಂದು ವರ್ಷ ಫೋಟೊಗ್ರಾಫರ್ ಹೊಸದೇನೂ ಸಿಗುತ್ತಿಲ್ಲ ಎಂದು ಗೊಣಗಿದಾಗ, ಪದ್ಮನಾಭನಗರದ ನಮ್ಮ ಮನೆಯ ತಿರುವಿನಲ್ಲಿ ಹೂ ಮಾರುವ ಹೆಂಗಸಿನ ಬಳಿಗೆ ನಾನೇ ಕಳಿಸಿದೆ.

ಆಕೆಗೆ ಅರವತ್ತು ದಾಟಿತ್ತು. ವಸಂತಪುರದಿಂದ ಬೆಳಗಿನ ಬಸ್ಸಿಗೆ ಬಂದು ಫುಟ್‌ಪಾತಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಇದ್ದದ್ದು ಒಂದೇ ಕೊಡೆ, ಅದನ್ನು ಹೂವಿಗೆ ಹಿಡಿಯುತ್ತಿದ್ದಳು. ತನ್ನ ತಲೆಗೆ ಸೆರಗು. ಫೋಟೊ ಚೆನ್ನಾಗಿ ಬಂತು. ಹೂವಿನ ಮೇಲೆ ಕೊಡೆ ಬಾಗಿಸಿಕೊಂಡು ಬಾಯ್ತುಂಬ ನಗುತ್ತಿದ್ದಾಳೆ. ‘ಬಿಸಿಲಿಗೆ ಜಗ್ಗದ ನಗು’ ಎಂದು ಕೆಳಗೆ ಬರೆದವಳು ನಾನು. ಬರೆದು ಬೀಗಿದ್ದೆ ಕೂಡ.

“ಪೇಪರ್ ಮೇಡಂ, ಹಲ್ಲು ಬಿಟ್ಕೊಂಡು ಕೂತಿದೀನಲ್ಲ!” ಎಂದು ಮರುದಿನ ಆಕೆ ನಾಚಿಕೊಂಡಳು. “ನನ್ ಮಗಳು ನಾಕು ಪೇಪರ್ ತಗೊಂಡವ್ಳೆ.” ಬೇಡವೆಂದರೂ ಒಂದು ಮೊಳ ಮಲ್ಲಿಗೆ ಕೈಗಿಟ್ಟಳು.

ಮೂರು ವಾರ ಕಳೆದು, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಆಕೆ ಬುಟ್ಟಿಯ ಪಕ್ಕದಲ್ಲೇ ಕುಸಿದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಮುಟ್ಟಿದರೆ ಮೈ ಕಾದ ಕಾವಲಿಯಂತಿತ್ತು ಎಂದು ಎತ್ತಿ ಹಾಕಿಕೊಂಡು ಹೋದ ಆಟೊದವರು ಹೇಳಿದರು. ಬಿಸಿಲ ಹೊಡೆತ ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಆಕೆಯ ಮಗಳು ನಮ್ಮ ಗೇಟಿನ ಮುಂದೆ ನಿಂತಿದ್ದಳು. ಮನೆಯಲ್ಲೇ ಹೊಲಿಗೆ ಮಾಡುವವಳು.

“ವಯಸ್ಸಾದೋಳನ್ನ ಬಿಸ್ಲಲ್ಲಿ ಕೂರ್ಸಿ ಸಾಯಿಸಿದ್ಲು ಅಂತ ಬೀದಿಯೋರೆಲ್ಲ ನನ್ನೇ ಅಂತಾವ್ರೆ ಮೇಡಂ. ಇಪ್ಪತ್ತು ವರ್ಷದಿಂದ ಅಲ್ಲೇ ಕೂರ್ತಿದ್ಲು. ಆಗೆಲ್ಲ ಏನೂ ಆಗ್ಲಿಲ್ವಲ್ಲ? ಈ ಬಿಸ್ಲು ಮೊದ್ಲಿನ ಬಿಸ್ಲಲ್ಲ ಅಂತ ಬರೀರಿ. ನಾನ್ ಹೇಳಿದ್ರೆ ನಂಬಲ್ಲ, ಪೇಪರಲ್ಲಿ ಬಂದ್ರೆ ನಂಬ್ತಾರೆ.”

ಬರೆದೆ. ಡಾಕ್ಟರನ್ನು ಕೇಳಿದೆ, ಹವಾಮಾನ ಬಲ್ಲವರೊಬ್ಬರಿಗೆ ಫೋನ್ ಮಾಡಿದೆ. ಬೇಸಿಗೆಯೇ ಬದಲಾಗಿದೆ, ಕಲ್ಲಿದ್ದಲಿನ ಹೊಗೆಗೂ ಅದಕ್ಕೂ ಸಂಬಂಧವಿದೆ, ಮನೆಯವರ ನಿರ್ಲಕ್ಷ್ಯ ಇದರಲ್ಲಿ ಏನೂ ಇಲ್ಲ ಎಂದೆಲ್ಲ ವಿವರವಾಗಿ ಬರೆದೆ. ಆದರೆ ಕೈಗೆ ಅಂಟಿದ ಅಭ್ಯಾಸ. ಹೆಸರು, ವಯಸ್ಸು, ಜಾಗ, ಹೊತ್ತು ಮೇಲೆ ಹೋದವು. ಕಾರಣ ಕೊನೆಯ ಪ್ಯಾರಾಕ್ಕೆ ಬಂದು ಕೂತಿತು. ಸಂಜೆ ಪುಟವನ್ನು ನನ್ನ ಜೂನಿಯರ್‌ಗೆ ಒಪ್ಪಿಸಿ ಮನೆಗೆ ಹೊರಟೆ.

ಬೆಳಿಗ್ಗೆ ಫ್ಯಾನಿನ ಕೆಳಗೆ ಕೂತು ಪೇಪರ್ ಬಿಡಿಸಿದಾಗ ಮೊದಲು ಕಂಡದ್ದು ಇನ್ನೊಂದು ಸುದ್ದಿ. ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊತ್ತ ರೈಲು ಬಂದಿದೆ, ಇನ್ನು ಲೋಡ್ ಶೆಡ್ಡಿಂಗ್ ಇಲ್ಲ. ಸದ್ಯ, ಬದುಕಿದೆವು ಅಂದುಕೊಂಡೆ. ಸುಳ್ಳೇಕೆ ಹೇಳಲಿ, ನಿಜಕ್ಕೂ ಹಾಗೇ ಅಂದುಕೊಂಡೆ. ಆಮೇಲೆ ಅದರ ಕೆಳಗೆ ಕಣ್ಣು ಹೋಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಕೂತು ಹೂ ಮಾರುತ್ತಿದ್ದ ವೃದ್ಧೆ ಕುಸಿದು ಸಾವು. ಅಲ್ಲಿಗೆ ಮುಗಿದಿತ್ತು. ಬೀದಿಯವರು ಮಗಳ ಮೇಲೆ ಹೊರಿಸಿದ್ದನ್ನೇ ನಾವು ಅಚ್ಚುಹಾಕಿ ಮನೆಮನೆಗೆ ಹಂಚಿದ್ದೆವು.

ಜೂನಿಯರ್‌ಗೆ ಫೋನ್ ಮಾಡಿ ಕೂಗಾಡಿದೆ. “ಕೋಲ್ ನ್ಯೂಸ್ ಬಂತು ಮೇಡಂ, ಜಾಗ ಇರ್ಲಿಲ್ಲ. ಬುಡದಿಂದ ತೆಗಿ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?” ಎಂದಳು ಪಾಪ. ಅವಳನ್ನು ಬಯ್ಯಲು ನನಗೆ ಯಾವ ಬಾಯಿತ್ತು? ಪೂರ್ತಿ ಸುದ್ದಿಯನ್ನು ಮತ್ತೊಮ್ಮೆ ಹಾಕಿ ಎಂದು ಸಂಪಾದಕರನ್ನು ಕೇಳಿಕೊಂಡೆ. ಒಂದೇ ಸಾವನ್ನು ಎರಡು ಸಲ ಹಾಕುವ ಪದ್ಧತಿ ಇಲ್ಲ ಎಂದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ವಸಂತಪುರಕ್ಕೆ ಹೋದೆ. ಹೋಗಲೇಬೇಕೆನಿಸಿತು, ಹೋಗಲು ಹೆದರಿಕೆಯೂ ಆಗುತ್ತಿತ್ತು. ಪಾತ್ರೆ ತೊಳೆಯುತ್ತಿದ್ದ ನೆಂಟರ ಹೆಂಗಸರು ಮಗಳ ಜೊತೆ ಮಾತಾಡುತ್ತಿರಲಿಲ್ಲ. ಅವಳೊಬ್ಬಳೇ ಎಡೆ ಇಡುತ್ತಿದ್ದಳು. ಗೋಡೆಯ ಮೇಲೆ ನಮ್ಮ ಪತ್ರಿಕೆಯ ಅದೇ ಫೋಟೊ, ಕಟ್ಟು ಹಾಕಿಸಿ ಹೂವಿನ ಹಾರ ಹಾಕಿದ್ದರು. ಹಾರದ ಕೆಳಗೆ ನನ್ನ ಸಾಲು ಹಾಗೇ ಇತ್ತು: ಬಿಸಿಲಿಗೆ ಜಗ್ಗದ ನಗು.

“ತಪ್ಪಾಯ್ತಮ್ಮ,” ಎಂದೆ. ಅವಳು ಎಲೆಗೆ ಅನ್ನ ಬಡಿಸುತ್ತಲೇ ಇದ್ದಳು. ಆ ಸಾಲನ್ನು ನೋಡಲಾಗದೆ, “ಕೆಳಗಿರೋ ಸಾಲನ್ನಾದ್ರೂ ತೆಗೆದು ಕಟ್ಟು ಹಾಕಿಸ್ಬಹುದಿತ್ತಲ್ಲಮ್ಮ,” ಎಂದೆ.

ಅವಳು ಎಲೆಯಿಂದ ಕಣ್ಣೆತ್ತಿದಳು. “ನಮ್ಮವ್ವನ್ ಬಗ್ಗೆ ಪೇಪರಲ್ಲಿ ಬಂದಿದ್ದು ಮೇಡಂ. ಅದನ್ನ ನಾನ್ ಹೆಂಗೆ ಕತ್ತರಿಸ್ಲಿ?”