ಎರಡು ಒಣಕಾಯಿಯ ಪಾದ್ರಿ

ತೆಂಗಿನಕಾಯಿ ಕೊಳ್ಳುವವನು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಆಮೇಲೆ ಬೆರಳಿನಿಂದ ತಟ್ಟುತ್ತಾನೆ. ಕೊನೆಗೆ ತನಗೇನೂ ಬೇಡವೇ ಬೇಡ ಎಂಬ ಮುಖ ಮಾಡಿಕೊಂಡು ಬೆಲೆ ಕೇಳುತ್ತಾನೆ. ಪಾದ್ರಿ ಬಸ್ತ್ಯಾಂವ್ ಲೋಬೊ ಅವರನ್ನು ಹೊನ್ನಾವರ ಬಂದರಿನ ಅಂಗಡಿಸಾಲು ನೋಡಿದ್ದೂ ಹೀಗೆಯೇ. ಎತ್ತರ ಸಾಧಾರಣ. ಮೈ ಎಷ್ಟು ತೆಳ್ಳಗೆಂದರೆ, ಗಾಳಿ ಬಂದರೆ ಬಿಳಿ ನಿಲುವಂಗಿ ಮುಂದೆ ಹೋಗಿ ಪಾದ್ರಿಗಳು ಹಿಂದಿನಿಂದ ಬರಬೇಕು. ಕಿವಿ ದೊಡ್ಡವು. ಧ್ವನಿ ಮಾತ್ರ ಆ ಮೈಗೆ ಹೊಂದದ್ದು; ಅವರು ಮೂರು ಅಂಗಡಿ ಆಚೆ ನಿಂತು 'ದೇವರು ಒಳ್ಳೇದು ಮಾಡಲಿ' ಎಂದರೆ ಇಲ್ಲಿ ತಕ್ಕಡಿ ಅಲುಗುತ್ತಿತ್ತು. ಸದ್ದು ಜಾಸ್ತಿ, ಕೊಬ್ಬರಿ ಕಡಿಮೆ ಎಂದು ಬಂದರು ತೀರ್ಮಾನಿಸಿತು.

ಅವರು ಬಂದದ್ದು ಐವತ್ತೇಳರಲ್ಲಿ. ಜಿಲ್ಲೆ ಆಗಷ್ಟೇ ಮುಂಬೈ ಸರಕಾರದ ಕೈಯಿಂದ ಮೈಸೂರು ಸರಕಾರದ ಕೈಗೆ ಬಂದಿತ್ತು; ಶರಾವತಿಗೆ ಅದು ಇನ್ನೂ ಗೊತ್ತಾಗಿರಲಿಲ್ಲ. ಹೊಳೆಯ ನಡುವಿನ ನಡುಗಡ್ಡೆಗಳಿಗೆ ನಮ್ಮಲ್ಲಿ ಕುರ್ವೆ ಎನ್ನುತ್ತಾರೆ. ಅಂಥ ಮೂರು ಕುರ್ವೆಗಳ ಕ್ರಿಸ್ತುವರಿಗೆ ಇವರೇ ಪಾದ್ರಿ. ಆದರೆ ಮೇಲಿನವರು ಒಂದು ಸಂಗತಿಯನ್ನು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಹಳಿಯಾಳದ ಕಡೆಯ ಈ ಮನುಷ್ಯ ಬಾವಿಯ ನೀರು ಬಿಟ್ಟರೆ ಬೇರೆ ನೀರು ಕಂಡವರಲ್ಲ. ಬಾವಿಯನ್ನೂ ದೂರದಿಂದಲೇ ಕಂಡವರು.

ಬಂದ ಮೂರನೆಯ ದಿನವೇ ಬಂದರಿನ ಕಾಯಿ ಅಂಗಡಿಗೆ ಬಂದರು.

"ಶೆಟ್ರೇ, ತೇಲುವ ಕಾಯಿ ಬೇಕಿತ್ತು."

"ತೇಲುವ ಕಾಯಿಯಾ? ಅಡಿಗೆಗಾ, ಪೂಜೆಗಾ?"

"ಕುತ್ತಿಗೆಗೆ."

ನಮ್ಮ ಕಡೆ ಮಕ್ಕಳಿಗೆ ಈಜು ಕಲಿಸುವಾಗ ಸಿಪ್ಪೆ ಸುಲಿಯದ ಎರಡು ಒಣಕಾಯಿಗಳನ್ನು ಹಗ್ಗದಲ್ಲಿ ಜೋಡಿಸಿ ಕಟ್ಟುತ್ತಾರೆ. ಪಾದ್ರಿಗಳಿಗೆ ಇದನ್ನು ಯಾರೋ ಹೇಳಿದ್ದರು. ಈಜು ಕಲಿತ ಮೇಲೆ ಬಿಚ್ಚುತ್ತಾರೆ ಎಂಬುದನ್ನು ಹೇಳಿರಲಿಲ್ಲ. ಅಂಗಡಿಯವನು ನಗು ನುಂಗಿ, ಕಾಯಿ ಅಲ್ಲಾಡಿಸಿ, ಒಳಗೆ ನೀರಿಲ್ಲದ ಎರಡನ್ನು ಆರಿಸಿ ಕೊಟ್ಟ. ಬೇರೆ ಯಾರೂ ಕೊಳ್ಳದ ಕಾಯಿಗಳು ಅವು. ಅವನೂ ಹೊಳೆಯ ದಂಡೆಯಲ್ಲೇ ಹುಟ್ಟಿದವನು. ಆದರೆ ಒಂದು ದಿನವೂ ದೋಣಿ ಹತ್ತಿದವನಲ್ಲ; ಕುರ್ವೆಯ ಕಾಯಿ ತರಲು ಆಳು ಕಳಿಸುತ್ತಿದ್ದ. ಕೇಳಿದವರಿಗೆ 'ಅಂಗಡಿ ಬಿಟ್ಟು ಬರುಕೆ ಆಗುದಿಲ್ಲ' ಎನ್ನುತ್ತಿದ್ದ.

ಮೊದಲ ಪ್ರಯಾಣದಲ್ಲಿ ಪಾದ್ರಿಗಳು ನಿಲುವಂಗಿಯ ಮೇಲೆ ಕಾಯಿಮಾಲೆ ಧರಿಸಿ, ದೋಣಿಯ ನಡುಹಲಗೆಯ ಮೇಲೆ ಕೂತು, ಎರಡೂ ಅಂಚು ಹಿಡಿದುಕೊಂಡು, ಕಣ್ಣು ಮುಚ್ಚಿ ಜಪಮಾಲೆಯ ಪ್ರಾರ್ಥನೆ ಶುರುಮಾಡಿದರು. ಕೈ ಎರಡೂ ಅಂಚಿನಲ್ಲಿ ಇದ್ದುದರಿಂದ ಮಣಿ ಎಣಿಸಲು ಕೈ ಇರಲಿಲ್ಲ. ಬಾಯಲ್ಲೇ ಎಣಿಸಿದರು, ಗಟ್ಟಿಯಾಗಿ. ದೋಣಿಯ ಜಟ್ಟ ಅಂಬಿಗರವನು, ಊರ ದೇವರು ಬೊಮ್ಮನಿಗೆ ನಡೆದುಕೊಳ್ಳುವವನು. ಅವನು ಹುಟ್ಟು ಹಾಕುತ್ತ ಕೇಳಿಸಿಕೊಂಡ. ಹತ್ತು ಹತ್ತರಂತೆ ಐದು ಸುತ್ತು ಹೇಳುವ ಆ ಪ್ರಾರ್ಥನೆಯಲ್ಲಿ ಅರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧವನ್ನು ಕೂಡಿದವರು ಹೇಳಬೇಕು. ದೋಣಿಯಲ್ಲಿ ಕೂಡಿದವನು ಜಟ್ಟ ಒಬ್ಬನೇ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಪಾದ್ರಿ ಕೊಂಕಣಿಯಲ್ಲಿ 'ನಮಾನ್ ಮೊರಿಯೆ', ಮರಿಯಮ್ಮಾ ನಮಸ್ಕಾರ, ಎಂದರೆ ಜಟ್ಟ ತನ್ನಷ್ಟಕ್ಕೆ 'ಸಾಂತ ಮೊರಿಯೆ' ಎಂದು ಮುಂದುವರಿಸುತ್ತಿದ್ದ.

ಕುರ್ವೆಯ ದಂಡೆಯಲ್ಲಿ ಮೊದಲು ಸಿಕ್ಕವಳು ಮಾಸ್ತಮ್ಮ. ಚಿಪ್ಪಿ ಆರಿಸುತ್ತಿದ್ದ ಮುದುಕಿ, ಕ್ರಿಸ್ತುವಳಲ್ಲ. ದೇವರ ಮನುಷ್ಯ ಕಾಯಿ ಹೊತ್ತು ಬಂದದ್ದು ಕಂಡು ಅವಳಿಗೆ ಬಹಳ ಸಂತೋಷವಾಯಿತು. ಅವರು ಬೇಡ ಬೇಡ ಎನ್ನುವುದರೊಳಗೆ ಒಂದನ್ನು ಬಿಡಿಸಿಕೊಂಡು, ಸಿಪ್ಪೆ ಸುಲಿದು, ದಂಡೆಯ ಮೇಲೇ ಇದ್ದ ಇಗರ್ಜಿಯ, ಅಂದರೆ ಚರ್ಚಿನ, ಮೆಟ್ಟಿಲಿಗೆ ಒಡೆದೇಬಿಟ್ಟಳು.

"ಅಯ್ಯಯ್ಯ! ಒಳಗೆ ನೀರೇ ಇಲ್ವಲಾ ಪಾದ್ರಿಗಳೇ! ಯಾವ ಅಂಗಡಿಯವ ಕೊಟ್ಟದ್ದು ಇದು? ನಿಮ್ಮ ದೇವರಿಗಾದ್ರೂ ಹೆದರೂದು ಬೇಡ್ವಾ ಅವ?"

"ಅದು ಒಡೆಯುಕಲ್ಲ ತಾಯಿ, ತೇಲುಕೆ."

"ತೇಲುಕೆ ದೋಣಿ ಇತ್ತಲಾ?"

ಪಾದ್ರಿಗಳು ಅವಳು ಪ್ರಸಾದವೆಂದು ಕೊಟ್ಟ ಅರ್ಧ ಹೋಳು, ಒಂದು ದಾಸವಾಳ ಹೂವು ಕೈಯಲ್ಲಿ ಹಿಡಿದು, ಒಂದೇ ಕಾಯಿ ಕಟ್ಟಿಕೊಂಡು, ಒಂದು ಕಡೆಗೆ ವಾಲಿಕೊಂಡು ಮರಳಿದರು. ಮರುದಿನ ಅಂಗಡಿಯವನು ಜೋಡಿ ಸರಿಮಾಡಿಕೊಟ್ಟ.

ಹೀಗೆ ವಾರಕ್ಕೆರಡು ಸಲ ಹೋಗಿಬಂದು ಹೆದರಿಕೆ ಕಡಿಮೆಯಾಯಿತೆಂದು ತಿಳಿಯಬೇಡಿ. ಇಳಿಯುವಾಗ ಮುಖ ಬೂದಿ ಬಣ್ಣ, ಹತ್ತುವಾಗ ಇನ್ನೂ ಬೂದಿ. ಆದರೆ ಕುರ್ವೆಯಲ್ಲಿ ಒಂದು ಹೆರಿಗೆಗೆ, ಒಂದು ಸಾವಿಗೆ, ಒಂದು ಜಗಳಕ್ಕೆ ಅವರು ಬರಲಿಲ್ಲ ಎಂದಿಲ್ಲ. ಜಗಳ ಬಿಡಿಸಲು ಅವರು ಹೆಚ್ಚೇನೂ ಮಾಡಬೇಕಾಗುತ್ತಿರಲಿಲ್ಲ. ಆ ಮುಖ ಹೊತ್ತು ಹೊಳೆ ದಾಟಿ ಬಂದವರ ಎದುರು ಬೇಲಿಯ ಜಗಳ ಆಡಲು ಜನಕ್ಕೇ ನಾಚಿಕೆಯಾಗುತ್ತಿತ್ತು.

ಇನ್ನು ಮದುವೆಯ ಕಥೆ. ಕೆಳಗಿನಕುರ್ವೆಯ ಕಾಯ್ತಿಣ್ ಬಾಯಿಯ ಮಗಳು ನಾತಾಲಿನ್‌ಗೆ ಮುಂಬೈ ಹಡಗಿನಲ್ಲಿ ಅಡಿಗೆ ಮಾಡುವ ಪಾವ್ಲು ಎಂಬವನ ಜೊತೆ ಗೊತ್ತಾಗಿತ್ತು. ಹುಡುಗ ಬರುವುದು ತಡವಾಗಿ, ಉಳಿದ ದಿನ ಒಂದೇ, ಇಂತ್ರೂಜಿನ, ಅಂದರೆ ಉಪವಾಸಕ್ಕೆ ಮುಂಚಿನ ಹಬ್ಬದ, ಮಂಗಳವಾರ. ಮರುದಿನ ಬೂದಿ ಬುಧವಾರದಿಂದ ಕ್ರಿಸ್ತುವರ ತಪಸ್ಸಿನ ಕಾಲ. ಈಸ್ಟರ್ ಕಳೆಯುವವರೆಗೆ ಮದುವೆ ಇಲ್ಲ. ಅದೇ ಬುಧವಾರ ಬೆಳಿಗ್ಗೆ ಪಾವ್ಲುವಿಗೆ ಹುಬ್ಬಳ್ಳಿ ಬಸ್ಸು, ಅಲ್ಲಿಂದ ಮುಂಬೈ, ಅಲ್ಲಿಂದ ಹಡಗು. ಹೋದರೆ ಎರಡು ವರ್ಷ. ನಾತಾಲಿನ್‌ಗೆ ಹಿಂದೆ ಮದುವೆ ಗೊತ್ತಾಗಿದ್ದ ಒಬ್ಬ ಹಡಗಿನವನು ಹೀಗೆಯೇ 'ಬಂದ ಮೇಲೆ ಆತು' ಎಂದು ಹೋದವನು ಆಫ್ರಿಕದಲ್ಲಿ ಮಕ್ಕಳೊಂದಿಗನಾಗಿದ್ದ. ಕಾಯ್ತಿಣ್ ಬಾಯಿ ಭಾನುವಾರವೇ ಪಾದ್ರಿಗಳ ಎದುರು ನಿಂತು ಹೇಳಿದ್ದಳು: "ಪಾದ್ರ್ಯಾಬಾ, ಮಂಗಳವಾರ ಮಧ್ಯಾಹ್ನದೊಳಗೆ ಮದುವೆ ಪೂಜೆ ಆಗದಿದ್ರೆ ನನ್ನ ಮಗಳ ಬರಿ ಕೊರಳಿಗೆ ನೀವೇ ಜವಾಬ್ದಾರಿ."

ಮಂಗಳವಾರ ಬೆಳಿಗ್ಗೆ ಹೊಳೆಯ ಮೇಲೆ ಮಂಜು. ಎಂಥ ಮಂಜೆಂದರೆ, ದೋಣಿಯ ನಡುವಿನ ಪಾದ್ರಿಗೆ ತುದಿಯ ಜಟ್ಟ ಬರಿಯ ದನಿ.

"ದಾರಿ ಹೇಗೆ ಗೊತ್ತಾಗ್ತದೆ ಮಾರಾಯಾ?"

"ನಿಮ್ಮ ಜಪ ಇದ್ಯಲಾ."

"ದೇವರು ದಾರಿ ತೋರಿಸ್ತಾನೆ ಅಂತಾ?"

"ದೇವರ ಸುದ್ದಿ ನಂಗೊತ್ತಿಲ್ಲ ಪಾದ್ರಿಗಳೇ. ನಿಮ್ಮ ಜಪದಲ್ಲಿ ಮೂರು ಹತ್ತು ಮುಗಿದ್ರೆ ಹೊಯ್ಗೆ ದಿಬ್ಬ ಹಿಂದೆ ಬಿತ್ತು. ಅಲ್ಲಿ ಎಡಕ್ಕೆ ತಿರುಗೂದು. ಐದು ಹತ್ತಿಗೆ ಕುರ್ವೆ. ನಾ ಎಷ್ಟೋ ಮಂಜಲ್ಲಿ ಹಾಂಗೇ ಹೋಗಿದ್ದೆ."

ತಮ್ಮ ಭಕ್ತಿ ಇಷ್ಟು ದಿನ ಅಳತೆಕೋಲಾಗಿತ್ತು ಎಂದು ತಿಳಿದು ಪಾದ್ರಿಗಳಿಗೆ ಬೇಜಾರಾಯಿತೋ ಸಮಾಧಾನವಾಯಿತೋ ಹೇಳುವಂತಿಲ್ಲ. ಶುರುಮಾಡಿದರು. ಆದರೆ ತಲೆಯೊಳಗೆ ಕಾಯ್ತಿಣ್ ಬಾಯಿ ಕೂತಿದ್ದಳು. ಬೇಗ ಮುಟ್ಟಬೇಕೆಂಬ ಆತುರಕ್ಕೆ ನಾಲಿಗೆ ಓಡಿತು. ಪಾದ್ರಿಯ ಹಿಂದೆ ಜಟ್ಟನ ನಾಲಿಗೆಯೂ ಓಡಿತು. ಹುಟ್ಟು ಮಾತ್ರ ಎಂದಿನ ಹಾಗೆಯೇ ಬಿತ್ತು. ಮೂರು ಹತ್ತು ಮುಗಿದವು, ಜಟ್ಟ ಎಡಕ್ಕೆ ತಿರುಗಿಸಿದ, ದೋಣಿ 'ಸರ್ರ್' ಎಂದು ದಿಬ್ಬದ ಮರಳಿನ ಮೇಲೆ ಕೂತಿತು.

"ಪಾದ್ರಿಗಳೇ! ಇವತ್ತು ಎಂತ ಮಾಡಿದ್ರಿ? ಅರ್ಧ ದೇವರಿಗೆ ಹೇಳಿ ಅರ್ಧ ನುಂಗಿದ್ರಾ?"

"ಬೇಗ ಮುಟ್ಟಲಿ ಅಂತ ಬೇಗ ಹೇಳಿದೆ."

"ಬೇಗ ಹೇಳಿದ್ರೆ ಹೊಳೆ ಗಿಡ್ಡ ಆಗ್ತದಾ?"

ಇಳಿತದ ನೀರು. ಮತ್ತೆ ಭರತದ ನೀರು ಉಬ್ಬಿ ಬಂದು ದೋಣಿ ಎತ್ತುವುದು ಸಂಜೆಗೇ. ಜಟ್ಟ ಕೆಳಗಿಳಿದು ನಿಂತ. "ಇಲ್ಲಿ ಮೊಣಕಾಲು ನೀರು. ನಡೆದೇ ಹೋಗುಕಾಗ್ತದೆ. ಆದರೆ ಕುರ್ವೆ ಯಾವ ಬದಿಗೋ. ತಪ್ಪಿ ಆ ಬದಿಗೆ ಹೋದ್ರೆ ಆಳ."

ಪಾದ್ರಿಗಳು ಅಂಚು ಹಿಡಿದು ಕೂತೇ ಇದ್ದರು. ಎರಡು ವರ್ಷದಿಂದ ಯಾವುದನ್ನು ಬೇಡವೆಂದು ದೇವರ ಹತ್ತಿರ ಕೇಳಿಕೊಂಡಿದ್ದರೋ, ಅದರೊಳಗೆ ಈಗ ತಾವಾಗಿಯೇ ಕಾಲಿಡಬೇಕಿತ್ತು. ಇಡದಿದ್ದರೆ ಪಾವ್ಲುವಿಗೆ ಹಡಗು, ನಾತಾಲಿನ್‌ಗೆ ಮತ್ತೊಮ್ಮೆ ಅದೇ ದಂಡೆ. ಏನೂ ತೋಚದೆ, ಮಾಡಲು ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಮೊದಲಿನಿಂದ, ಈ ಸಲ ನಿಧಾನವಾಗಿ, ಬಂದರಿನ ತಕ್ಕಡಿ ಅಲುಗಿಸುವ ಆ ಧ್ವನಿಯಲ್ಲಿ, 'ನಮಾನ್ ಮೊರಿಯೆ' ಎಂದರು.

ಜಟ್ಟ ಬಾಯಿ ತೆರೆಯುವುದರೊಳಗೆ ಮಂಜಿನ ಆಚೆಯಿಂದ ಉತ್ತರ ಬಂತು. 'ಸಾಂತ ಮೊರಿಯೆ...' ಒಂದು ದನಿಯಲ್ಲ, ಹತ್ತಾರು ಹೆಂಗಸರದು. ದಂಡೆಯಲ್ಲಿ ಕಾದು ನಿಂತಿದ್ದ ಮದುವೆ ಮನೆಯವರು, ಪಾದ್ರಿ ಶುರುಮಾಡಿದರೆ ಮುಗಿಸುವುದು ತಮ್ಮ ಕೆಲಸವೆಂದು ಮುಗಿಸಿದ್ದರು.

"ಅಲ್ಲಿತ್ತು ಕುರ್ವೆ!" ಎಂದ ಜಟ್ಟ, ಪೂಜೆಯ ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿಕೊಂಡು. "ಬರ್ತ್ರೋ, ಇಲ್ಲಾ ಪೆಟ್ಟಿಗೆ ಒಂದೇ ಹೋಗಿ ಮದುವೆ ಮಾಡ್ಬೇಕೋ?"

ಪಾದ್ರಿಗಳು ಇಳಿದರು. ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಜಟ್ಟನ ಪಂಚೆಯ ತುದಿ ಹಿಡಿದು, ಅರ್ಧ ಹೇಳುವುದು, ಉಳಿದರ್ಧ ಬಂದ ಕಡೆಗೆ ಹೆಜ್ಜೆ ಇಡುವುದು. ಒಂದು ಕಡೆ ತಗ್ಗು ಬಂದು ನೀರು ಎದೆಗೇರಿತು. ಕಾಯಿಗಳೆರಡೂ ತೇಲಿ ಗಲ್ಲಕ್ಕೆ ತಾಗಿದವು. ಅಲ್ಲಿ 'ನಮಾನ್' ಎಂಬುದು ಸ್ವಲ್ಪ ಕಿರುಚಿದ ಹಾಗೆ ಕೇಳಿತಂತೆ. ಅಂಗಡಿಯವನ ಮಾಲು ಅಂದು ಮೊದಲ ಸಲ ಕೊಟ್ಟ ಕೆಲಸ ಮಾಡಿತು. ಮೊದಲು ಮಂಜಿನಿಂದ ಪೆಟ್ಟಿಗೆ ಬಂತು, ಅದರ ಕೆಳಗೆ ಜಟ್ಟ ಬಂದ, ಹಿಂದಿನಿಂದ ಕಾಯಿ ಬಂದವು, ಆಮೇಲೆ ಪಾದ್ರಿ.

"ಈ ಸಲ ಎರಡೂ ನೆಟ್ಟಗೆ ಇತ್ತು," ಎಂದಳು ದಂಡೆಯಲ್ಲಿದ್ದ ಮಾಸ್ತಮ್ಮ, ಕೈ ಮುಂದೆ ಚಾಚಿ. ಪಾದ್ರಿಗಳು ಕಾಯಿ ಗಟ್ಟಿಯಾಗಿ ಹಿಡಿದುಕೊಂಡು ಇಗರ್ಜಿಗೆ ಓಡಿದರು.

ಒದ್ದೆ ಬಟ್ಟೆಯ ಮೇಲೆಯೇ ಪೂಜೆಯ ಉಡುಪು ಹಾಕಿಕೊಂಡರು. ಮದುಮಕ್ಕಳು ಎದುರು ಮಂಡಿಯೂರಿದ್ದರು. ಆಶೀರ್ವಾದಕ್ಕೆ ಬಗ್ಗಿದಾಗ ಉಡುಪಿನ ಒಳಗಿನಿಂದ 'ಟೊಕ್' ಎಂದು ಸದ್ದು. ಕಾಯ್ತಿಣ್ ಬಾಯಿ ಮೊದಲ ಸಾಲಿನಿಂದ ಪಿಸುಗುಟ್ಟಿದಳು: "ಪಾದ್ರ್ಯಾಬಾ, ಕಾಯಿ!"

"ಇರಲಿ ಬಾಯಿ. ಇವತ್ತು ಅವೂ ನೆಂಟರು."

ಮಧ್ಯಾಹ್ನಕ್ಕೆ ಮುಂಚೆ ಮದುವೆ ಮುಗಿಯಿತು. ಬುಧವಾರ ಪಾವ್ಲು ಹಣೆಗೆ ಬೂದಿ ಹಚ್ಚಿಸಿಕೊಂಡು ಬಸ್ಸು ಹತ್ತಿದ. ಎರಡು ವರ್ಷ ಕಳೆದು ಬಂದ, ನಾತಾಲಿನ್‌ಳ ಹತ್ತಿರವೇ ಬಂದ.

ಮುಂದೆ ಇಗರ್ಜಿಯ ಪೂಜೆ ಲ್ಯಾಟಿನ್ ಬಿಟ್ಟು ಜನರ ಮಾತಿಗೆ ಬರುವ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಜಟ್ಟನಿಗೆ. "ಎಂತಾದ್ರೂ ಮಾಡ್ಕಳ್ಲಿ ಪಾದ್ರಿಗಳೇ, ನಮ್ಮ ಜಪದ ಉದ್ದ ಮಾತ್ರ ಕಮ್ಮಿ ಮಾಡಬೇಡಿ ಅನ್ರಿ. ಜನ ಸಾಯ್ತಾರೆ."

ಅರವತ್ತಾರರಲ್ಲಿ ಪಾದ್ರಿಗಳಿಗೆ ಘಟ್ಟದ ಮೇಲಿನ ಒಂದು ಊರಿಗೆ ವರ್ಗವಾಯಿತು. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಹೊರಡುವ ದಿನ ಅಂಗಡಿಗೆ ಬಂದು ಕಾಯಿಯ ಜೋಡಿಯನ್ನು ಹಲಗೆಯ ಮೇಲಿಟ್ಟರು.

"ಹಾಂಗಾದ್ರೆ ಹೆದರಿಕೆ ಹೋಯ್ತು ಅನ್ರಿ," ಎಂದ ಅಂಗಡಿಯವನು.

"ಎಲ್ಲಿಂದ ಹೋಗ್ತದೆ ಶೆಟ್ರೇ? ವಾರಕ್ಕೆ ಎರಡು ಸಲ ಹೊಳೆಯ ನೀರು ಹಾಕಿ ಬೆಳೆಸಿದ್ದೇನೆ. ಅದನ್ನು ಕಟ್ಟಿಕೊಂಡೇ ದಾಟಿದೆ, ಅಷ್ಟೇ. ಇವು ಇನ್ನು ನಿಮಗೆ ಬೇಕಾದಾವು."

ಅಂಗಡಿಯವನಿಗೂ ನೀರಿನ ಹೆದರಿಕೆ ಎಂದು ಅವರಿಗೆ ಹೇಗೆ ಗೊತ್ತಾಗಿತ್ತೋ. ಅವರು ಹೋದ ಮರುವಾರ ಅಂಗಡಿಯವನು ಆ ಎರಡು ಕಾಯಿಗಳನ್ನು ಕುತ್ತಿಗೆಗೆ ಕಟ್ಟಿಕೊಂಡು ಜಟ್ಟನ ದೋಣಿ ಹತ್ತಿದ. ಜಟ್ಟ ನಗಲಿಲ್ಲ. "ಜಪ ಬರ್ತದಾ?" ಎಂದು ಮಾತ್ರ ಕೇಳಿದ.

ಆ ಅಂಗಡಿಯವನು ನಾನು. ಹೆದರಿಕೊಂಡೂ ಹೊಳೆ ದಾಟಬಹುದೆಂದು ನನಗೆ ತೋರಿಸಿಕೊಟ್ಟವರು ಪಾದ್ರಿ ಬಸ್ತ್ಯಾಂವ್ ಲೋಬೊ. ಆಚೆ ದಂಡೆಯನ್ನು ನಾನು ನೋಡಿದ್ದು ಅವರಿಂದ.